ಬ್ರಾಕ್‌ನ ಬಂಡೆಗೆ ತಲೆ ಚಚ್ಚಿಕೊಳ್ಳುವ ಮೊದಲು
ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲವೂ ಪೋಕೆಮಾನ್ ಎಂಬ ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು ಬೆಳೆಸಿ ಕಾದಾಡಿಸುವ ವಿಡಿಯೋ ಆಟ ಪೋಕೆಮಾನ್ ಫೈರ್‌ರೆಡ್‌ನ ಆರಂಭದ ಕಾಳಗಗಳಿಗೆ ಸಂಬಂಧಿಸಿದವು. 1996ರಲ್ಲಿ ಜಪಾನಿನಲ್ಲಿ ರೆಡ್ ಮತ್ತು ಗ್ರೀನ್ ಎಂಬ ಹೆಸರಿನಿಂದ ಬಂದ ಮೊದಲ ಆಟಗಳನ್ನು ಗೇಮ್ ಫ್ರೀಕ್ ಸಂಸ್ಥೆಯೇ 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಹೊಸದಾಗಿ ರೂಪಿಸಿ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್ ಎಂದು ಹೊರತಂದಿತು. ಕೆಳಗಿನ ಉತ್ತರಗಳೆಲ್ಲ ಈ ಎರಡು ಆಟಗಳಿಗೆ ಮಾತ್ರ ಅನ್ವಯಿಸುತ್ತವೆ. ಹಿಂದಿನ ಅಥವಾ ಮುಂದಿನ ಆಟಗಳಲ್ಲಿ ಲೆಕ್ಕಗಳು ಬೇರೆ. ಉತ್ತರಗಳಲ್ಲಿ ಬರುವ ಹಾನಿಯ ಅಂಕಿಗಳನ್ನು ಆಟದ ಸೂತ್ರಕ್ಕೆ ಬೆಲೆಗಳನ್ನು ಹಾಕಿ ನಾನೇ ಲೆಕ್ಕ ಮಾಡಿದ್ದೇನೆ. ಒಂದೇ ಜಾತಿಯ ಎರಡು ಪೋಕೆಮಾನ್‌ಗಳ ಕಸುವು ತದ್ವತ್ತಾಗಿ ಇರುವುದಿಲ್ಲವಾದ್ದರಿಂದ ನಿಮ್ಮ ಪರದೆಯ ಮೇಲೆ ಒಂದೆರಡು ಅಂಕ ಆಚೀಚೆಯಾಗಬಹುದು.

ಪ್ರಶ್ನೆ: ನಾನು ಚಾರ್‌ಮ್ಯಾಂಡರ್ ಆರಿಸಿಕೊಂಡೆ. ಈಗ ಅದು 11ನೇ ಲೆವೆಲ್‌ನಲ್ಲಿದೆ. ಜೊತೆಗೆ 7ನೇ ಲೆವೆಲ್‌ನ ಪಿಜಿ ಮತ್ತು 6ನೇ ಲೆವೆಲ್‌ನ ರಟಾಟ ಇವೆ. ಪ್ಯೂಟರ್ ಸಿಟಿಯ ಜಿಮ್ ಎಂಬ ಕಾಳಗದ ಅಂಗಳದಲ್ಲಿ ಅದರ ನಾಯಕ ಬ್ರಾಕ್‌ನ ಎದುರು ಮೂರು ಬಾರಿ ಸೋತಿದ್ದೇನೆ. ಅವನ ಓನಿಕ್ಸ್‌ಗೆ ಎಷ್ಟು ಹೊಡೆದರೂ ಅದರ ಎಚ್‌ಪಿ (ಜೀವಾಂಕ) ಪಟ್ಟಿ ಅಲುಗಾಡುವುದೇ ಇಲ್ಲ. ಇನ್ನೆಷ್ಟು ಲೆವೆಲ್ ಏರಿಸಬೇಕು?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಎಷ್ಟು ಲೆವೆಲ್ ಏರಿಸಬೇಕು ಎಂಬುದಕ್ಕಿಂತ ಯಾವ ಏಟು ಹೊಡೆಯುತ್ತಿದ್ದೀರಿ ಎಂಬುದು ಇಲ್ಲಿ ಮುಖ್ಯ. ಬ್ರಾಕ್‌ನ ಬಳಿ ಇರುವುದು ಎರಡೇ ಪೋಕೆಮಾನ್: 12ನೇ ಲೆವೆಲ್‌ನ ಜಿಯೋಡೂಡ್ ಮತ್ತು 14ನೇ ಲೆವೆಲ್‌ನ ಓನಿಕ್ಸ್. ಎರಡೂ ರಾಕ್ ಮತ್ತು ಗ್ರೌಂಡ್ ಎಂಬ ಜೋಡಿ ಟೈಪಿನವು; ಟೈಪ್ ಎಂದರೆ ಪೋಕೆಮಾನ್ ಅಥವಾ ಏಟು ಸೇರಿದ ವರ್ಗ. ಓನಿಕ್ಸ್‌ನ ಮೂಲ ಡಿಫೆನ್ಸ್ 160, ಆದರೆ ಮೂಲ ಸ್ಪೆಷಲ್ ಡಿಫೆನ್ಸ್ ಕೇವಲ 45. ಅಂದರೆ ಕೋಟೆಯ ಮುಂಬಾಗಿಲಿಗೆ ಕಬ್ಬಿಣದ ಅಗುಳಿ, ಹಿತ್ತಿಲಿಗೆ ತಟ್ಟಿಯ ಬಾಗಿಲು.

ಮುಂಬಾಗಿಲು ಯಾವುದು, ಹಿತ್ತಿಲು ಯಾವುದು ಎಂಬುದನ್ನು ಈ ಆಟದಲ್ಲಿ ಏಟಿನ ಟೈಪ್ ನಿರ್ಧರಿಸುತ್ತದೆ. ನಾರ್ಮಲ್, ಫೈಟಿಂಗ್, ಫ್ಲೈಯಿಂಗ್, ರಾಕ್, ಗ್ರೌಂಡ್, ಬಗ್, ಪಾಯ್ಸನ್, ಘೋಸ್ಟ್ ಮತ್ತು ಸ್ಟೀಲ್ ಏಟುಗಳೆಲ್ಲ ಡಿಫೆನ್ಸ್‌ಗೆ ಡಿಕ್ಕಿ ಹೊಡೆಯುತ್ತವೆ. ಫೈರ್, ವಾಟರ್, ಗ್ರಾಸ್, ಎಲೆಕ್ಟ್ರಿಕ್, ಸೈಕಿಕ್, ಐಸ್, ಡ್ರ್ಯಾಗನ್ ಮತ್ತು ಡಾರ್ಕ್ ಏಟುಗಳು ಸ್ಪೆಷಲ್ ಡಿಫೆನ್ಸ್ ಕಡೆಯಿಂದ ನುಗ್ಗುತ್ತವೆ. ಪ್ರತಿ ಏಟಿಗೂ ಬೇರೆ ಬೇರೆಯಾಗಿ ಈ ಗುಣವನ್ನು ಹಂಚಿದ್ದು 2006ರ ಡೈಮಂಡ್ ಮತ್ತು ಪರ್ಲ್ ಆಟಗಳಿಂದ ಈಚೆಗೆ. ಹೊಸ ಆಟಗಳನ್ನು ಆಡಿ ಹಳೆಯದಕ್ಕೆ ಬಂದವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಈಗ ನಿಮ್ಮ ಪಿಜಿಯ ಟ್ಯಾಕಲ್ ಅನ್ನು ನೋಡೋಣ. ಅದು ನಾರ್ಮಲ್ ಏಟು, ಆದ್ದರಿಂದ ಡಿಫೆನ್ಸ್‌ಗೇ ತಗಲುತ್ತದೆ. ರಾಕ್ ಟೈಪಿನ ಮೇಲೆ ನಾರ್ಮಲ್ ಏಟಿಗೆ ಅರ್ಧ ಬಲ ಮಾತ್ರ ಇರುವುದರಿಂದ ಉಳಿದ ಪೆಟ್ಟೂ ಅರ್ಧವಾಗುತ್ತದೆ. 12ನೇ ಲೆವೆಲ್‌ನ ಪೋಕೆಮಾನ್ ಹೊಡೆದರೂ ಸುಮಾರು 33 ಎಚ್‌ಪಿ ಇರುವ ಓನಿಕ್ಸ್‌ನಿಂದ ಕಳೆಯುವುದು ಒಂದೇ ಒಂದು ಅಂಕ. ಪಟ್ಟಿ ಅಲುಗಾಡುವುದಿಲ್ಲ ಎಂದು ನೀವು ಬರೆದದ್ದು ಅತಿಶಯೋಕ್ತಿಯಲ್ಲ, ಕಣ್ಣಳತೆಯ ಸತ್ಯ. ಮೊದಲ ಸಲ ಆಡಿದಾಗ ನಾನೂ ಹೀಗೆಯೇ ಒಂದು ಸಂಜೆಯಿಡೀ ಓನಿಕ್ಸ್‌ನ ಬೆನ್ನು ಕೆರೆಯುತ್ತ ಕುಳಿತಿದ್ದೆ.

ಆರಂಭದಲ್ಲಿ ಆರಿಸಿಕೊಳ್ಳಬಹುದಾದ ಇನ್ನೊಂದು ಮರಿ, ಅದೇ ಲೆವೆಲ್‌ನ ವಾಟರ್ ಟೈಪಿನ ಸ್ಕ್ವರ್ಟಲ್, ಬಬಲ್ ಎಂಬ ಏಟನ್ನು ಬಳಸಿದರೆ ಏನಾಗುತ್ತದೆ ನೋಡಿ. ಬಬಲ್‌ನ ಮೂಲ ಬಲ ಕೇವಲ 20, ಟ್ಯಾಕಲ್‌ನ 35ಕ್ಕಿಂತ ಕಡಿಮೆ. ಆದರೆ ಹೊಡೆಯುವ ಪೋಕೆಮಾನ್ ಮತ್ತು ಏಟು ಎರಡೂ ಒಂದೇ ಟೈಪಿನವಾದ್ದರಿಂದ ಒಂದೂವರೆ ಪಟ್ಟು, ರಾಕ್ ಮತ್ತು ಗ್ರೌಂಡ್ ಎರಡಕ್ಕೂ ನೀರು ಆಗಿಬರದಿರುವುದರಿಂದ ನಾಲ್ಕು ಪಟ್ಟು, ಜೊತೆಗೆ ದುರ್ಬಲವಾದ ಸ್ಪೆಷಲ್ ಡಿಫೆನ್ಸ್. ಎಲ್ಲ ಸೇರಿ ಪ್ರತಿ ಏಟಿಗೆ 20ರಿಂದ 24 ಅಂಕ ಕಳೆಯುತ್ತದೆ. ಎರಡು ಏಟಿಗೆ ಓನಿಕ್ಸ್ ನೆಲಕ್ಕೆ. ಮೂರನೆಯ ಆಯ್ಕೆಯಾದ ಬಲ್ಬಸಾರ್‌ನ ವೈನ್ ವಿಪ್ ಎಂಬ ಗ್ರಾಸ್ ಏಟಾದರೆ ಹೆಚ್ಚಿನ ಸಲ ಒಂದೇ ಏಟು ಸಾಕು.

ನಿಮ್ಮ ಬಳಿ ಇರುವುದು ಇವೆರಡೂ ಅಲ್ಲ, ಚಾರ್‌ಮ್ಯಾಂಡರ್. ಹಾಗೆಂದು ಹೊಸ ಆಟ ಆರಂಭಿಸಬೇಕಿಲ್ಲ. 13ನೇ ಲೆವೆಲ್‌ಗೆ ಅದು ಮೆಟಲ್ ಕ್ಲಾ ಕಲಿಯುತ್ತದೆ. ಅದು ಸ್ಟೀಲ್ ಟೈಪಿನ ಏಟು, ರಾಕ್ ಮೇಲೆ ಎರಡು ಪಟ್ಟು ಪರಿಣಾಮ ಬೀರುತ್ತದೆ. ಆ ಲೆವೆಲ್‌ನಲ್ಲಿ ಓನಿಕ್ಸ್ ಮೇಲೆ ಅದರ ಬೆಂಕಿಯ ಏಟಾದ ಎಂಬರ್ 5ರಿಂದ 6 ಕಳೆದರೆ ಮೆಟಲ್ ಕ್ಲಾ 7ರಿಂದ 8 ಕಳೆಯುತ್ತದೆ. ಜಿಯೋಡೂಡ್ ಮೇಲಾದರೆ 10ರಿಂದ 12. ವ್ಯತ್ಯಾಸ ದೊಡ್ಡದಲ್ಲ ಎನಿಸಬಹುದು. ಆದರೆ ಓನಿಕ್ಸ್‌ನ ರಾಕ್ ಟೂಂಬ್ ಎಂಬ ಬಂಡೆಯ ಏಟು ತಗುಲಿದರೆ ನಿಮ್ಮ ಚಾರ್‌ಮ್ಯಾಂಡರ್ ಒಂದೇ ಏಟಿಗೆ 20ಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ, ಎರಡನೆಯದಕ್ಕೆ ಮಲಗುತ್ತದೆ. ಆದ್ದರಿಂದ ಒಂದು ಸರದಿ ಉಳಿದರೂ ಅದು ನಿಮ್ಮ ಪಾಲಿಗೆ ದೊಡ್ಡದು. ರಾಕ್ ಟೂಂಬ್ ನೂರರಲ್ಲಿ 80 ಸಲ ಮಾತ್ರ ಗುರಿ ಮುಟ್ಟುತ್ತದೆ ಎಂಬುದೂ ನಿಮಗೆ ಅನುಕೂಲ.

ಆದರೂ ನನ್ನ ಸಲಹೆ ಚಾರ್‌ಮ್ಯಾಂಡರ್ ಒಂದನ್ನೇ ನೆಚ್ಚಿಕೊಳ್ಳಬೇಡಿ ಎಂದು. ವಿರಿಡಿಯನ್ ಸಿಟಿಯ ಪಶ್ಚಿಮಕ್ಕೆ ಇರುವ ರೂಟ್ 22ರ ಹುಲ್ಲಿನಲ್ಲಿ ಮ್ಯಾಂಕಿ ಸಿಗುತ್ತದೆ. ಫೈಟಿಂಗ್ ಟೈಪಿನ ಈ ಕೋತಿ 10ನೇ ಲೆವೆಲ್ ಮುಟ್ಟುವ ಮೊದಲೇ ಲೋ ಕಿಕ್ ಕಲಿತಿರುತ್ತದೆ. ಲೋ ಕಿಕ್‌ನ ವಿಶೇಷವೆಂದರೆ ಎದುರಿಗಿರುವುದು ಭಾರವಾದಷ್ಟೂ ಒದೆತ ಜೋರು. ಓನಿಕ್ಸ್ 210 ಕಿಲೋ ತೂಗುತ್ತದೆ. 200 ಕಿಲೋ ದಾಟಿದವುಗಳ ಮೇಲೆ ಲೋ ಕಿಕ್‌ನ ಬಲ 120, ಅದಕ್ಕಿಂತ ಹೆಚ್ಚು ಇಲ್ಲ. ಅದರ ಮೇಲೆ ಒಂದೇ ಟೈಪಿನ ಒಂದೂವರೆ ಪಟ್ಟು, ರಾಕ್‌ನ ವಿರುದ್ಧ ಎರಡು ಪಟ್ಟು. ಲೋ ಕಿಕ್ ಹೊಡೆಯುವುದು ಆ ಕಬ್ಬಿಣದ ಅಗುಳಿಯ ಬಾಗಿಲಿಗೇ ಆದರೂ 12ನೇ ಲೆವೆಲ್‌ನ ಮ್ಯಾಂಕಿ ಓನಿಕ್ಸ್‌ನಿಂದ ಒಂದೇಟಿಗೆ 22ರಿಂದ 26 ಅಂಕ ಕಿತ್ತುಕೊಳ್ಳುತ್ತದೆ. ಜಿಯೋಡೂಡ್ 20 ಕಿಲೋ ಮಾತ್ರ ಇರುವುದರಿಂದ ಅದರ ಮೇಲೆ ಒದೆತದ ಬಲ 40ಕ್ಕೆ ಇಳಿಯುತ್ತದೆ, ಆದರೆ ಅದರ ಡಿಫೆನ್ಸ್ ಕೂಡ ಅಷ್ಟು ಎತ್ತರದ್ದಲ್ಲವಾದ್ದರಿಂದ ಅಲ್ಲಿಯೂ ಎರಡು ಒದೆತಗಳೇ ಸಾಕು. ಹೆಚ್ಚು ಭಾರದ ಪೋಕೆಮಾನ್ ಎಂಬ ಹೆಮ್ಮೆಯೇ ಅದಕ್ಕೆ ಮುಳುವಾಗುವ ಈ ಏರ್ಪಾಡು ನನಗೆ ಇಡೀ ಆಟದ ಆರಂಭದಲ್ಲಿ ಅತ್ಯಂತ ಇಷ್ಟವಾದದ್ದು.

ಇನ್ನೊಂದು ಸಣ್ಣ ಮಾತು. ಬ್ರಾಕ್‌ಗಿಂತ ಮೊದಲು ಜಿಮ್ಮಿನೊಳಗೆ ನಿಲ್ಲುವ ಹುಡುಗನನ್ನು ಸುತ್ತಿ ಹೋಗಬೇಡಿ. ಅವನ ಬಳಿ 10ನೇ ಲೆವೆಲ್‌ನ ಜಿಯೋಡೂಡ್ ಮತ್ತು 11ನೇ ಲೆವೆಲ್‌ನ ಸ್ಯಾಂಡ್‌ಶ್ರೂ ಇವೆ. ಟ್ರೇನರ್‌ಗಳ ಪೋಕೆಮಾನ್ ಸೋತರೆ ಕಾಡಿನದಕ್ಕಿಂತ ಒಂದೂವರೆ ಪಟ್ಟು ಅನುಭವಾಂಕ ಸಿಗುತ್ತದೆ. ನಿಮಗೆ ಬೇಕಾದ ಎರಡು ಲೆವೆಲ್‌ಗಳಲ್ಲಿ ಒಂದಿಷ್ಟು ಭಾಗ ಅಲ್ಲೇ ಬಿದ್ದಿದೆ.

ಪ್ರಶ್ನೆ: ಆಟದ ಮೊಟ್ಟಮೊದಲ ಕಾಳಗದಲ್ಲೇ, ಪ್ರೊಫೆಸರ್ ಓಕ್ ಅವರ ಪ್ರಯೋಗಾಲಯದಲ್ಲಿ, ಅವರ ಮೊಮ್ಮಗನಿಗೆ ಸೋಲುತ್ತಿದ್ದೇನೆ. ನಾನು ಯಾವುದನ್ನು ಆರಿಸಿದರೂ ಅವನು ಅದಕ್ಕೆ ಎದುರಾದ ಟೈಪಿನದನ್ನೇ ಎತ್ತಿಕೊಳ್ಳುತ್ತಾನೆ. ಇದು ಅನ್ಯಾಯವಲ್ಲವೇ? ಗ್ರೌಲ್ ಅನ್ನು ಮೂರು ನಾಲ್ಕು ಸಲ ಬಳಸಿ ಅವನ ಶಕ್ತಿ ಇಳಿಸಿದರೂ ಪ್ರಯೋಜನವಾಗಲಿಲ್ಲ.
— ಓದುಗ, ಧಾರವಾಡ

ಉತ್ತರ: ಅವನು ಎದುರಾದ ಟೈಪನ್ನೇ ಎತ್ತಿಕೊಳ್ಳುವುದು ನಿಜ, ಆದರೆ ಆ ಕಾಳಗದಲ್ಲಿ ಅದರಿಂದ ಅವನಿಗೆ ನಯಾಪೈಸೆಯ ಲಾಭವಿಲ್ಲ. 5ನೇ ಲೆವೆಲ್‌ನಲ್ಲಿ ಮೂರೂ ಮರಿಗಳಿಗೆ ಗೊತ್ತಿರುವುದು ಟ್ಯಾಕಲ್ ಅಥವಾ ಸ್ಕ್ರ್ಯಾಚ್, ಜೊತೆಗೆ ಗ್ರೌಲ್ ಅಥವಾ ಟೇಲ್ ವಿಪ್. ಬೆಂಕಿ ಉಗುಳುವ ಎಂಬರ್, ನೀರ್ಗುಳ್ಳೆಯ ಬಬಲ್, ರಕ್ತ ಹೀರುವ ಲೀಚ್ ಸೀಡ್ ಇವೆಲ್ಲ ಬರುವುದು 7ನೇ ಲೆವೆಲ್‌ಗೆ. ಆದ್ದರಿಂದ ಅಲ್ಲಿ ನಡೆಯುವುದು ಬೆಂಕಿ ನೀರುಗಳ ಯುದ್ಧವಲ್ಲ, ಬರಿಗೈ ಗುದ್ದಾಟ.

ಸೋಲಿನ ಕಾರಣ ಗ್ರೌಲ್. ಹಾನಿಯ ಸೂತ್ರದಲ್ಲಿ ಲೆವೆಲ್, ಏಟಿನ ಬಲ, ಅಟ್ಯಾಕ್ ಮತ್ತು ಡಿಫೆನ್ಸ್‌ಗಳ ಗುಣಾಕಾರ ಭಾಗಾಕಾರಗಳೆಲ್ಲ ಮುಗಿದ ಮೇಲೆ ಕೊನೆಗೆ 2 ಎಂಬ ಒಂದು ಅಂಕಿಯನ್ನು ಕೂಡಿಸುತ್ತಾರೆ. ದೊಡ್ಡ ಲೆವೆಲ್‌ಗಳಲ್ಲಿ ಈ 2 ಲೆಕ್ಕಕ್ಕೇ ಬರುವುದಿಲ್ಲ. ಆದರೆ 5ನೇ ಲೆವೆಲ್‌ನಲ್ಲಿ ಅವನ ಸ್ಕ್ವರ್ಟಲ್ ನಿಮ್ಮ ಚಾರ್‌ಮ್ಯಾಂಡರ್‌ಗೆ ಹೊಡೆಯುವ ಟ್ಯಾಕಲ್‌ನ ಒಟ್ಟು ಪೆಟ್ಟೇ ಸುಮಾರು 4, ಅದರಲ್ಲಿ ಅರ್ಧ ಆ ಕೂಡಿಸಿದ 2. ಗ್ರೌಲ್ ಒಮ್ಮೆ ಬಳಸಿದರೆ ಅಟ್ಯಾಕ್ ಮೂರರಲ್ಲಿ ಎರಡು ಪಾಲಿಗೆ ಇಳಿದು ಪೆಟ್ಟು 4ರಿಂದ 3 ಆಗುತ್ತದೆ. ಎರಡನೆಯ ಸಲ ಬಳಸಿದರೂ 3, ಮೂರನೆಯ ಸಲವೂ 3. ನೀವು ಗುರುಗುಟ್ಟುತ್ತ ಕಳೆದ ಪ್ರತಿ ಸರದಿಯಲ್ಲಿ ಅವನು ಹೊಡೆಯುತ್ತಲೇ ಇದ್ದ. ಮೊದಲನೆಯ ಗ್ರೌಲ್‌ಗೆ ಏನಾದರೂ ಬೆಲೆ ಇದ್ದೀತು, ಉಳಿದವು ಪೂರಾ ನಷ್ಟ.

ಹೊರಡುವ ಮುಂಚೆ ನಿಮ್ಮ ಕೋಣೆಯಲ್ಲಿರುವ ಕಂಪ್ಯೂಟರ್ ತೆರೆದು ನೋಡಿ. ಅದರೊಳಗೆ ಒಂದು ಪೋಷನ್ ಇಟ್ಟಿರುತ್ತಾರೆ. ಪೋಷನ್ 20 ಎಚ್‌ಪಿ ತುಂಬುತ್ತದೆ, ನಿಮ್ಮ ಮರಿಯ ಒಟ್ಟು ಎಚ್‌ಪಿಯೂ 20ರ ಆಸುಪಾಸು. ಅಂದರೆ ನೀವು ಎರಡು ಜೀವ ಹಿಡಿದು ಕಾಳಗಕ್ಕೆ ಇಳಿದಂತೆ. ಎಚ್‌ಪಿ 5ಕ್ಕೆ ಇಳಿಯುವವರೆಗೂ ಹೊಡೆಯುತ್ತಲೇ ಇದ್ದು ಆಗ ಪೋಷನ್ ಕೊಡಿ, ಬೇಗ ಕೊಟ್ಟರೆ ಅರ್ಧ ಚೆಲ್ಲಿಹೋಗುತ್ತದೆ. ಸಾಮಾನ್ಯ ಏಟೇ 4ರಷ್ಟು ಕಳೆಯುವುದರಿಂದ 5ಕ್ಕಿಂತ ಕೆಳಗೆ ಕಾಯುವುದು ಜೂಜು. 16ಕ್ಕೆ ಒಂದರಂತೆ ಬರುವ ಕ್ರಿಟಿಕಲ್ ಏಟು ಇಮ್ಮಡಿ ಪೆಟ್ಟು ಕೊಡುವುದರಿಂದ 5 ಉಳಿದಿದ್ದರೂ ಅಪಾಯ ಪೂರ್ತಿ ತಪ್ಪುವುದಿಲ್ಲ.

ಆಮೇಲೂ ಸೋತರೆ ಚಿಂತೆ ಬೇಡ. ಈ ಒಂದು ಕಾಳಗದಲ್ಲಿ ಸೋತರೂ ಕಥೆ ಮುಂದಕ್ಕೆ ಹೋಗುತ್ತದೆ. ಗೆದ್ದರೆ ಮರಿ 6ನೇ ಲೆವೆಲ್ ಆಗುತ್ತದೆ, ಮೊಮ್ಮಗನ ಮುಖ ಸಣ್ಣದಾಗುತ್ತದೆ, ಅಷ್ಟೆ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಆಟದಲ್ಲಿ ಸೋತಳೆಂದರೆ ತಕ್ಷಣ ಯಂತ್ರವನ್ನು ಆರಿಸಿ, ಮೊದಲು ಉಳಿಸಿಟ್ಟ ಜಾಗದಿಂದ ಮತ್ತೆ ಶುರು ಮಾಡುತ್ತಾಳೆ. ಒಂದೇ ಕಾಳಗಕ್ಕೆ ಇಡೀ ಭಾನುವಾರ ಹೋಗುತ್ತದೆ. ಹಾಗೆ ಮಾಡುವುದು ಅಗತ್ಯವೇ?
— ಒಬ್ಬ ತಾಯಿ, ಉಡುಪಿ

ಉತ್ತರ: ಅಗತ್ಯವಿಲ್ಲ, ಅಮ್ಮಾ. ಸೋತರೆ ಹೋಗುವುದು ಆಟದ ಹಣದಲ್ಲಿ ಒಂದು ಪಾಲು ಮಾತ್ರ. 1996ರ ಆಟದಲ್ಲಿ ಕೈಲಿದ್ದ ಹಣದ ಅರ್ಧ ಹೋಗುತ್ತಿತ್ತು. ಆ ಭಯ ಹಳಬರಿಂದ ಹೊಸಬರಿಗೆ ಬಾಯಿಂದ ಬಾಯಿಗೆ ಬಂದಿರಬೇಕು. ಫೈರ್‌ರೆಡ್‌ನಲ್ಲಿ ಈ ದಂಡವನ್ನು ತಂಡದ ಅತಿ ಹೆಚ್ಚಿನ ಲೆವೆಲ್ ಮತ್ತು ಜಿಮ್‌ಗಳಲ್ಲಿ ಗೆದ್ದ ಬ್ಯಾಡ್ಜ್‌ಗಳ ಸಂಖ್ಯೆಯಿಂದ ಲೆಕ್ಕ ಹಾಕುತ್ತಾರೆ. ಬ್ಯಾಡ್ಜ್ ಇನ್ನೂ ಇಲ್ಲದವಳ ಬಳಿ 12ನೇ ಲೆವೆಲ್‌ನ ಪೋಕೆಮಾನ್ ಇದ್ದರೆ ದಂಡ 96, ಒಂದು ಪೋಷನ್‌ನ ಬೆಲೆಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಸೋತ ಮೇಲೆ ಪೋಕೆಮಾನ್‌ಗಳೆಲ್ಲ ಗುಣವಾಗಿ, ಕೊನೆಯ ಸಲ ಚಿಕಿತ್ಸೆ ಪಡೆದ ಸ್ಥಳದಲ್ಲಿ ಎದ್ದು ನಿಲ್ಲುತ್ತವೆ.

ಯಂತ್ರ ಆರಿಸಿದಾಗ ಆಗುವ ನಷ್ಟವೇ ಹೆಚ್ಚು. ಸೋತ ಕಾಳಗದಲ್ಲಿಯೂ ಎದುರಾಳಿಯ ಒಂದು ಪೋಕೆಮಾನನ್ನು ಬೀಳಿಸಿದ್ದರೆ ಅದರ ಅನುಭವಾಂಕ ದಕ್ಕಿರುತ್ತದೆ. ಜಿಯೋಡೂಡ್ ಬಿದ್ದು ಓನಿಕ್ಸ್ ಎದುರು ಸೋತಳು ಎನ್ನಿ. ಮುಂದುವರಿದರೆ ಆ ಅಂಕ ಅವಳದು, ಜಿಯೋಡೂಡ್ ಮುಂದಿನ ಸಲ ಮತ್ತೆ ಎದುರಾದಾಗ ಪುನಃ ಅಂಕ ಸಿಗುತ್ತದೆ. ಈ ಲೆಕ್ಕವನ್ನು ಅವಳಿಗೆ ಒಮ್ಮೆ ತೋರಿಸಿ. ಹನ್ನೊಂದರ ಮಕ್ಕಳು ಬುದ್ಧಿವಾದ ಕೇಳದಿದ್ದರೂ ಲಾಭನಷ್ಟ ಚೆನ್ನಾಗಿ ಕೇಳುತ್ತಾರೆ.

ಪ್ರಶ್ನೆ: ವಿರಿಡಿಯನ್ ಕಾಡಿನಲ್ಲಿ ಪಿಕಾಚು ಹಿಡಿಯಲು ಎರಡು ದಿನ ಹುಡುಕಿ ಕೊನೆಗೂ ಹಿಡಿದೆ. ಆದರೆ ಬ್ರಾಕ್‌ನ ಎದುರು ಅದರ ಮಿಂಚಿಗೆ ಏನೂ ಆಗುವುದಿಲ್ಲ ಎಂದು ಬರುತ್ತದೆ. ನನ್ನ ಆಟದಲ್ಲಿ ದೋಷವಿದೆಯೇ?
— ವಿದ್ಯಾರ್ಥಿನಿ, ತುಮಕೂರು

ಉತ್ತರ: ದೋಷವಿಲ್ಲ. ಗ್ರೌಂಡ್ ಟೈಪಿಗೆ ಎಲೆಕ್ಟ್ರಿಕ್ ಏಟು ತಗಲುವುದೇ ಇಲ್ಲ, ಪೆಟ್ಟು ಸೊನ್ನೆ. ಮಿಂಚು ನೆಲಕ್ಕೆ ಇಳಿದುಹೋಗುತ್ತದೆ ಎಂದು ತಿಳಿದುಕೊಳ್ಳಿ. ಆ ಕಾಡಿನಲ್ಲಿ ಪಿಕಾಚು ಎದುರಾಗುವುದು ನೂರರಲ್ಲಿ 5 ಸಲ ಮಾತ್ರವಾದ್ದರಿಂದ ನಿಮ್ಮ ಎರಡು ದಿನಗಳ ಬಗ್ಗೆ ನನಗೆ ಮರುಕವಿದೆ, ಆದರೆ ಆ ಶ್ರಮ ವ್ಯರ್ಥವಲ್ಲ. ಮುಂದಿನ ಉತ್ತರವನ್ನೂ ಕೆಳಗೆ ಸೆರುಲಿಯನ್ ಸಿಟಿಯ ಕಾಳಗದ ಬಗೆಗಿನ ಉತ್ತರವನ್ನೂ ಓದಿ.

ಪ್ರಶ್ನೆ: ರೂಟ್ 22ರಲ್ಲಿ ಓಕ್ ಅವರ ಮೊಮ್ಮಗ ಮತ್ತೆ ಅಡ್ಡ ಬರುತ್ತಾನೆ. ಅವನ ಬಳಿ ಪಿಜಿಯೂ ಇದೆ. ಈ ಕಾಳಗವನ್ನು ತಪ್ಪಿಸಬಹುದೇ? ತಪ್ಪಿಸದಿದ್ದರೆ ಗೆಲ್ಲುವುದು ಹೇಗೆ? ನನ್ನದು ಚಾರ್‌ಮ್ಯಾಂಡರ್.
— ಓದುಗ, ಬೀದರ್

ಉತ್ತರ: ಪ್ಯೂಟರ್ ಕಡೆಗೆ ಹೋಗುವ ದಾರಿ ರೂಟ್ 22ರ ಮೂಲಕ ಹೋಗುವುದಿಲ್ಲ, ಆದ್ದರಿಂದ ತಪ್ಪಿಸಬಹುದು. ಆದರೆ ತಪ್ಪಿಸುವುದಕ್ಕಿಂತ ಮುಂದೂಡುವುದು ಜಾಣತನ. ಅವನ ಪಿಜಿ ಮತ್ತು ಅವನ ಮರಿ ಎರಡೂ 9ನೇ ಲೆವೆಲ್‌ನವು. 7ನೇ ಲೆವೆಲ್ ದಾಟಿರುವುದರಿಂದ ಅವನ ಸ್ಕ್ವರ್ಟಲ್‌ಗೆ ಈಗ ಬಬಲ್ ಗೊತ್ತು. ಪ್ರಯೋಗಾಲಯದಲ್ಲಿ ಹುಸಿಯಾಗಿದ್ದ ಟೈಪಿನ ಭಯ ಇಲ್ಲಿ ನಿಜವಾಗುತ್ತದೆ.

ಮೊದಲು ಉತ್ತರಕ್ಕೆ ವಿರಿಡಿಯನ್ ಕಾಡಿಗೆ ಹೋಗಿ. ಅಲ್ಲಿ ಹುಳ ಹಿಡಿಯುವ ಹುಡುಗರು ಒಬ್ಬರ ಹಿಂದೊಬ್ಬರು ಸವಾಲು ಹಾಕುತ್ತಾರೆ. ಈ ಆಟವನ್ನು ರೂಪಿಸಿದ ಸತೋಶಿ ತಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಹಾಕುತ್ತಿದ್ದವರು, ಆ ಹವ್ಯಾಸದಿಂದಲೇ ಆಟದ ಕಲ್ಪನೆ ಹುಟ್ಟಿತು. ಹಾಗಾಗಿ ಮೊದಲ ಕಾಡಿನಲ್ಲಿ ಬಲೆ ಹಿಡಿದ ಹುಡುಗರೇ ತುಂಬಿರುವುದನ್ನು ನೋಡುವಾಗಲೆಲ್ಲ ನನಗೆ ನಗು ಬರುತ್ತದೆ. ಅವರ ಕ್ಯಾಟರ್ಪಿ ಮತ್ತು ವೀಡಲ್‌ಗಳಿಗೆ ನಿಮ್ಮ ಎಂಬರ್ ಯಮಪಾಶ. ಅಲ್ಲೇ ನಿಮ್ಮ ಚಾರ್‌ಮ್ಯಾಂಡರ್ 10ನೇ ಲೆವೆಲ್ ಆಸುಪಾಸಿಗೆ ಬಂದು ಬಿಡುತ್ತದೆ.

ಅದೇ ಕಾಡಿನಲ್ಲಿ ಪಿಕಾಚು ಸಿಕ್ಕರೆ ಅವನ ಸ್ಕ್ವರ್ಟಲ್‌ಗೂ ಪಿಜಿಗೂ ಅದೊಂದೇ ಸಾಕು, ಎರಡರ ಮೇಲೂ ಥಂಡರ್‌ಶಾಕ್ ಇಮ್ಮಡಿ. ಸಿಗದಿದ್ದರೆ ಪಿಜಿಯನ್ನು ಚಾರ್‌ಮ್ಯಾಂಡರ್‌ನಿಂದ ಮುಗಿಸಿ, ಸ್ಕ್ವರ್ಟಲ್‌ನ ಎದುರಿಗೆ ಬೇರೆ ಯಾವುದನ್ನಾದರೂ ಇಳಿಸಿ. ಪಿಜಿಯನ್ನು ಬೇಗ ಮುಗಿಸಬೇಕು, ಏಕೆಂದರೆ ಅದರ ಸ್ಯಾಂಡ್ ಅಟ್ಯಾಕ್ ಕಣ್ಣಿಗೆ ಮಣ್ಣೆರಚಿ ನಿಮ್ಮ ಗುರಿ ತಪ್ಪಿಸುತ್ತದೆ. ಎರಡು ಮೂರು ಸಲ ಮಣ್ಣು ಬಿದ್ದಿದ್ದರೆ ಆ ಪೋಕೆಮಾನನ್ನು ಹಿಂದಕ್ಕೆ ಕರೆದು ಮತ್ತೆ ಇಳಿಸಿ. ಹಿಂದಕ್ಕೆ ಕರೆದೊಡನೆ ಇಂಥ ಇಳಿಕೆಗಳೆಲ್ಲ ಅಳಿಸಿಹೋಗುತ್ತವೆ. ಇದು ಅನೇಕರಿಗೆ ಗೊತ್ತಿಲ್ಲದೆ, ಕುರುಡಾದ ಪೋಕೆಮಾನ್‌ನಿಂದಲೇ ಗಾಳಿಗೆ ಗುದ್ದಿಸುತ್ತ ಕೂರುತ್ತಾರೆ.

ಪ್ರಶ್ನೆ: ಆರಂಭದಲ್ಲಿ ಕೈಲಿರುವ ಆಟದ ಹಣ 3000ವನ್ನು ಹೇಗೆ ಖರ್ಚು ಮಾಡಬೇಕು? ಕಾಡಿನಲ್ಲಿ ವಿಷ ತಗುಲಿ ದಾರಿಯಲ್ಲೇ ಎಲ್ಲ ಪೋಕೆಮಾನ್‌ಗಳೂ ಬಿದ್ದುಹೋದವು.
— ಓದುಗ, ಮೈಸೂರು

ಉತ್ತರ: ಓಕ್ ಅವರ ಪೊಟ್ಟಣವನ್ನು ತಲುಪಿಸಿದ ಮೇಲೆ ಅವರೇ ಪೋಕೆಮಾನ್ ಹಿಡಿಯುವ 5 ಪೋಕೆ ಬಾಲ್ ಕೊಡುತ್ತಾರೆ, ಆದ್ದರಿಂದ ಬಾಲ್‌ಗಳಿಗೆ ಹೆಚ್ಚು ಸುರಿಯಬೇಡಿ. ವಿರಿಡಿಯನ್ ಅಂಗಡಿಯಲ್ಲಿ ಬಾಲ್ 200, ಪೋಷನ್ 300, ವಿಷ ಇಳಿಸುವ ಆ್ಯಂಟಿಡೋಟ್ 100. ನಾನಾದರೆ ನಾಲ್ಕು ಪೋಷನ್, ಮೂರು ಆ್ಯಂಟಿಡೋಟ್, ನಾಲ್ಕು ಬಾಲ್ ಕೊಂಡು ಉಳಿದದ್ದನ್ನು ಕಿಸೆಯಲ್ಲಿ ಇಡುತ್ತೇನೆ.

ವೀಡಲ್‌ನ ಪಾಯ್ಸನ್ ಸ್ಟಿಂಗ್ ತಗುಲಿದರೆ ಹತ್ತರಲ್ಲಿ ಮೂರು ಸಲ ವಿಷ ಏರುತ್ತದೆ. ಕಾಳಗ ಮುಗಿದರೂ ವಿಷ ಇಳಿಯುವುದಿಲ್ಲ. ನಡೆಯುವಾಗ ನಾಲ್ಕೈದು ಹೆಜ್ಜೆಗೆ ಒಂದು ಎಚ್‌ಪಿ ಕರಗುತ್ತಲೇ ಇರುತ್ತದೆ. 20 ಎಚ್‌ಪಿಯ ಪೋಕೆಮಾನ್ 80ರಿಂದ 100 ಹೆಜ್ಜೆಯಲ್ಲಿ ಬೀಳುತ್ತದೆ, ಕಾಡಿನ ಅಂಕುಡೊಂಕು ದಾರಿ ಅದಕ್ಕಿಂತ ಉದ್ದ. ಆದ್ದರಿಂದ ವಿಷ ತಗುಲಿದಾಗ ಪೋಷನ್ ಮೇಲೆ ಪೋಷನ್ ಸುರಿಯದೆ ಮೊದಲು ಆ್ಯಂಟಿಡೋಟ್ ಕೊಡಿ, ಆಮೇಲೆ ಎಚ್‌ಪಿಯ ವಿಚಾರ.

ಪ್ರಶ್ನೆ: ಕ್ಯಾಟರ್ಪಿಯಂಥ ದುರ್ಬಲ ಹುಳವನ್ನು ಬೆಳೆಸುವುದರಿಂದ ಲಾಭವಿದೆಯೇ? ಅದು ಯಾವ ಕಾಳಗವನ್ನೂ ತಾನಾಗಿ ಗೆಲ್ಲುವುದಿಲ್ಲ.
— ಓದುಗ, ಶಿರಸಿ

ಉತ್ತರ: ಖಂಡಿತ ಇದೆ. ಕ್ಯಾಟರ್ಪಿ 7ನೇ ಲೆವೆಲ್‌ಗೆ ಮೆಟಪಾಡ್, 10ನೇ ಲೆವೆಲ್‌ಗೆ ಬಟರ್‌ಫ್ರೀ ಆಗುತ್ತದೆ. ಇಷ್ಟು ಬೇಗ ಪೂರ್ಣ ರೂಪ ತಾಳುವ ಪೋಕೆಮಾನ್ ಅಲ್ಲಿ ಸುತ್ತಮುತ್ತ ವೀಡಲ್ ಬಿಟ್ಟರೆ ಬೇರೊಂದಿಲ್ಲ. ಬಟರ್‌ಫ್ರೀ ಆದ ಕೂಡಲೇ ಕನ್ಫ್ಯೂಷನ್ ಎಂಬ ಸೈಕಿಕ್ ಏಟು ಕಲಿಯುತ್ತದೆ, 15ನೇ ಲೆವೆಲ್‌ಗೆ ನಿದ್ದೆ ಬರಿಸುವ ಸ್ಲೀಪ್ ಪೌಡರ್.

ತಾನಾಗಿ ಗೆಲ್ಲದ್ದನ್ನು ಬೆಳೆಸಲು ಹಳೆಯ ಉಪಾಯವೊಂದಿದೆ. ಅದನ್ನು ತಂಡದ ಮೊದಲ ಸ್ಥಾನದಲ್ಲಿ ಇಡಿ. ಕಾಳಗ ಶುರುವಾದೊಡನೆ ಹಿಂದಕ್ಕೆ ಕರೆದು ಬಲಶಾಲಿಯನ್ನು ಇಳಿಸಿ. ಗೆದ್ದಾಗ ಅನುಭವಾಂಕ ಕಣಕ್ಕಿಳಿದವರಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ, ಒಂದು ಏಟೂ ಹೊಡೆಯದೆ ಮುಖ ತೋರಿಸಿ ಹೋದವನಿಗೂ ಸೇರಿ. ಆದರೆ ಬಟರ್‌ಫ್ರೀಯನ್ನು ಓನಿಕ್ಸ್‌ನ ಎದುರು ಮಾತ್ರ ಇಳಿಸಬೇಡಿ. ಬಗ್ ಮತ್ತು ಫ್ಲೈಯಿಂಗ್ ಎರಡಕ್ಕೂ ಬಂಡೆ ಆಗದು. ರಾಕ್ ಟೂಂಬ್ ನಾಲ್ಕು ಪಟ್ಟಾಗಿ ಬೀಳುತ್ತದೆ. 12ನೇ ಲೆವೆಲ್‌ನ ಬಟರ್‌ಫ್ರೀಗೆ ಇರುವುದು 38ರಷ್ಟು ಎಚ್‌ಪಿ, ಆ ಒಂದೇ ಏಟು 40ನ್ನು ದಾಟುತ್ತದೆ.

ಪ್ರಶ್ನೆ: ಬ್ರಾಕ್‌ನನ್ನು ಸುಲಭವಾಗಿ ಗೆದ್ದೆ. ಸೆರುಲಿಯನ್ ಸಿಟಿಯ ಜಿಮ್ ನಾಯಕಿ ಮಿಸ್ಟಿಯ ಸ್ಟಾರ್ಮಿ ಮಾತ್ರ ನನ್ನ ಇಡೀ ತಂಡವನ್ನು ಒಂದರ ಹಿಂದೊಂದು ಮಲಗಿಸುತ್ತದೆ. ನನ್ನ ಬಳಿ 20ನೇ ಲೆವೆಲ್‌ನ ಐವಿಸಾರ್ (ಬಲ್ಬಸಾರ್ ಬೆಳೆದ ರೂಪ) ಮತ್ತು 18ನೇ ಲೆವೆಲ್‌ನ ಪಿಕಾಚು ಇವೆ. ಟೈಪ್ ಸರಿಯಾಗಿದ್ದರೂ ಏಕೆ ಸೋಲುತ್ತೇನೆ?
— ಪುಣೆಯಲ್ಲಿ ನೆಲೆಸಿರುವ ಕನ್ನಡಿಗ

ಉತ್ತರ: ಈ ಸಲದ ಅತ್ಯುತ್ತಮ ಪ್ರಶ್ನೆ ಇದು, ಏಕೆಂದರೆ ಇಷ್ಟು ಹೊತ್ತು ಟೈಪ್ ಟೈಪ್ ಎಂದು ನಾನು ಹೇಳಿದ್ದು ಇಲ್ಲಿ ಸಾಲದೆ ಬರುತ್ತದೆ. 21ನೇ ಲೆವೆಲ್‌ನ ಆ ಸ್ಟಾರ್ಮಿಯ ಎಚ್‌ಪಿ ಸುಮಾರು 56. ಅದಕ್ಕೆ ರಿಕವರ್ ಗೊತ್ತು, ಒಂದೇ ಸರದಿಯಲ್ಲಿ ಒಟ್ಟು ಎಚ್‌ಪಿಯ ಅರ್ಧವನ್ನು, ಅಂದರೆ 28ನ್ನು, ಅದು ಮರಳಿ ಪಡೆಯುತ್ತದೆ. ನಿಮ್ಮ ಪಿಕಾಚುವಿನ ಥಂಡರ್‌ಶಾಕ್ ಇಮ್ಮಡಿಯಾಗಿ ತಗುಲಿದರೂ ಕಳೆಯುವುದು 15ರಿಂದ 18. ಒಂದು ಕಡೆ 18 ತೋಡಿ ತೆಗೆಯುತ್ತಿದ್ದೀರಿ, ಇನ್ನೊಂದು ಕಡೆ 28 ತುಂಬುತ್ತಿದೆ. ಇಂಥ ಬಾವಿ ಎಂದೂ ಬತ್ತದು. ಸ್ಟಾರ್ಮಿ ಪ್ರತಿ ಸರದಿಯೂ ರಿಕವರ್ ಮಾಡುವುದಿಲ್ಲ ನಿಜ, ಆದರೆ ನೀವು ಗೆಲುವಿಗೆ ಹತ್ತಿರ ಬಂದಾಗ ಮಾಡುತ್ತದೆ, ಅಷ್ಟೇ ಸಾಕು.

ಐವಿಸಾರ್‌ನ ವೈನ್ ವಿಪ್ 22ರಿಂದ 26 ಕಳೆಯುತ್ತದೆ. ಅದೂ 28ರ ಒಳಗೇ. ಆದರೆ ಐವಿಸಾರ್‌ಗೆ ಲೀಚ್ ಸೀಡ್ ಗೊತ್ತು. ಆ ಬೀಜ ಒಮ್ಮೆ ನೆಟ್ಟರೆ ಪ್ರತಿ ಸರದಿಯ ಕೊನೆಗೆ ಎದುರಾಳಿಯ ಒಟ್ಟು ಎಚ್‌ಪಿಯ ಎಂಟನೇ ಒಂದು ಭಾಗ, ಇಲ್ಲಿ 7, ಹೀರಿ ಐವಿಸಾರ್‌ಗೆ ಕೊಡುತ್ತದೆ. 22ಕ್ಕೆ 7 ಸೇರಿದರೆ 29. ರಿಕವರ್‌ನ ತುಂಬುವಿಕೆಯನ್ನು ಒಂದೇ ಒಂದು ಅಂಕದಿಂದಾದರೂ ದಾಟಿದಿರಿ, ಅಲ್ಲಿಗೆ ಕಾಳಗದ ದಿಕ್ಕು ತಿರುಗಿತು. ಮೇಲಾಗಿ ಸ್ಟಾರ್ಮಿ ರಿಕವರ್ ಮಾಡುವ ಸರದಿಯಲ್ಲಿ ಅದು ನಿಮ್ಮನ್ನು ಹೊಡೆಯುತ್ತಿಲ್ಲ, ಬೀಜ ಮಾತ್ರ ಹೀರುತ್ತಲೇ ಇದೆ.

ಆದ್ದರಿಂದ ಮೊದಲ ಸರದಿಯಲ್ಲಿ ವೈನ್ ವಿಪ್ ಬೀಸುವ ಆಸೆಯನ್ನು ತಡೆದು ಲೀಚ್ ಸೀಡ್ ನೆಡಿ. ಸ್ಟಾರ್ಮಿಯ ವಾಟರ್ ಪಲ್ಸ್ ಗ್ರಾಸ್ ಟೈಪಿನ ಮೇಲೆ ಅರ್ಧವಾಗುವುದರಿಂದ ಐವಿಸಾರ್‌ಗೆ ಕಾಯುವ ತ್ರಾಣವಿದೆ. ಐದರಲ್ಲಿ ಒಂದು ಸಲ ಆ ಏಟು ತಲೆತಿರುಗಿಸುತ್ತದೆ, ಅದಕ್ಕೆ ಮಾಡುವಂಥದ್ದೇನಿಲ್ಲ. ಪಿಕಾಚುವನ್ನು ಕಳಿಸುವುದಾದರೆ ಹೊಡೆಯಲು ಕಳಿಸಬೇಡಿ, ಥಂಡರ್ ವೇವ್ ಹಾಕಲು ಕಳಿಸಿ. ಪಾರ್ಶ್ವವಾಯು ಬಡಿದ ಸ್ಟಾರ್ಮಿಯ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ನಾಲ್ಕರಲ್ಲಿ ಒಂದು ಸರದಿ ಅದು ಕೈಕಾಲು ಆಡಿಸದೆ ನಿಲ್ಲುತ್ತದೆ. ತಾಳ್ಮೆ ಇದ್ದರೆ ಐವಿಸಾರ್ 22ನೇ ಲೆವೆಲ್‌ಗೆ ರೇಜರ್ ಲೀಫ್ ಕಲಿಯುವವರೆಗೂ ಕಾಯಬಹುದು. ಅದು 28ನ್ನು ಒಂಟಿಯಾಗಿಯೇ ದಾಟುತ್ತದೆ. ಬಲ್ಬಸಾರ್ ಆರಿಸದ ಓದುಗರು ನಗರದ ಉತ್ತರಕ್ಕಿರುವ ರೂಟ್ 24ರ ಹುಲ್ಲಿನಲ್ಲಿ ಹುಡುಕಲಿ, ಫೈರ್‌ರೆಡ್‌ನಲ್ಲಿ ಆಡಿಶ್, ಲೀಫ್‌ಗ್ರೀನ್‌ನಲ್ಲಿ ಬೆಲ್‌ಸ್ಪ್ರೌಟ್ ಸಿಗುತ್ತವೆ.

ಪ್ರಶ್ನೆ: ಒಮ್ಮೆ ಸೋಲಿಸಿದ ಟ್ರೇನರ್‌ಗಳೊಂದಿಗೆ ಮತ್ತೆ ಕಾದಾಡಿ ಲೆವೆಲ್ ಏರಿಸಬಹುದೇ?
— ಓದುಗ, ಕೋಲಾರ

ಉತ್ತರ: ಆರಂಭದಲ್ಲಿ ಆಗದು. ವರ್ಮಿಲಿಯನ್ ಸಿಟಿಯ ಪೋಕೆಮಾನ್ ಸೆಂಟರ್‌ನಲ್ಲಿ ವಿಎಸ್ ಸೀಕರ್ ಎಂಬ ಸಲಕರಣೆ ಸಿಕ್ಕ ಮೇಲೆ ಸಾಧ್ಯ. ಅಲ್ಲಿಯವರೆಗೆ ಪ್ರತಿಯೊಬ್ಬ ಟ್ರೇನರ್ ಒಂದೇ ಸಲ ಕೈಗೆ ಸಿಗುವ ನಿಧಿ. ಆದ್ದರಿಂದ ಆ ಅಂಕಗಳನ್ನು ಈಗಾಗಲೇ ಬಲಿತ ಒಂದಕ್ಕೇ ಉಣಿಸದೆ ಹಂಚಿ.

ಪ್ರಶ್ನೆ: ಬ್ರಾಕ್‌ನ ಓನಿಕ್ಸ್ ನನಗೆ ಬಹಳ ಇಷ್ಟ. ಕಾಳಗದ ನಡುವೆ ಬಾಲ್ ಎಸೆದು ಅದನ್ನೇ ಹಿಡಿದುಕೊಂಡರೆ ಕಾಳಗ ಮುಗಿಯುವುದಿಲ್ಲವೇ?
— ಐದನೇ ತರಗತಿ, ಚಿತ್ರದುರ್ಗ

ಉತ್ತರ: ಬ್ರಾಕ್ ಆ ಬಾಲನ್ನು ತಡೆದುಬಿಡುತ್ತಾನೆ. ಕಳ್ಳತನ ಮಾಡಬೇಡ ಎಂಬ ಮಾತು ಪರದೆಯ ಮೇಲೆ ಬರುತ್ತದೆ, ನಿಮ್ಮ ಸರದಿಯೂ 200 ಬೆಲೆಯ ಬಾಲೂ ಎರಡೂ ಹೋಗುತ್ತವೆ.